ಗಿರಣಿಯ ಕೆಂಪು ಬಲ್ಬು

ಹೈದರಾಬಾದ್
8-1-2024

ಅಪ್ಪನಿಗೆ ತನು ಮಾಡುವ ಶರಣು.

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ನನ್ನ ದನಿ ತಲುಪುವುದಿಲ್ಲ. ಅತ್ತೆಗೆ ಹೇಳಿದರೆ ಅವಳು ಅದನ್ನು ನಿನಗೆ ಕೂಗಿ ಹೇಳುವಷ್ಟರಲ್ಲಿ ಅರ್ಧ ಅಜ್ಜಂಪುರಕ್ಕೆ ಬೇರೇನೋ ಕೇಳಿಸಿರುತ್ತದೆ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ಅಪ್ಪಾ, ಫಲಿತಾಂಶ ಬಂತು! ನಾಲ್ಕು ವರ್ಷ ಇಲಿಗಳ ಜೊತೆ ಹೆಣಗಿದ್ದಕ್ಕೆ ಮೊನ್ನೆ ಗುರುವಾರ ಉತ್ತರ ಸಿಕ್ಕಿತು.

"ಅದೇನು ಓದ್ತಿದೀಯೋ, ನಂಗೂ ಅರ್ಥ ಆಗೋ ಹಂಗೆ ಒಂದ್ಸಲ ಹೇಳೇ" ಎಂದು ಬಂದಾಗಲೆಲ್ಲ ಕೇಳುತ್ತೀಯಲ್ಲ, ಇವತ್ತು ಹೇಳುತ್ತೇನೆ. ನಮ್ಮ ರಕ್ತದಲ್ಲಿ ಕಾವಲಿನ ಕಣಗಳಿವೆ. ರೋಗ ಬಂದರೆ ಹೊಡೆದಾಡುವುದು ಅವುಗಳ ಕೆಲಸ. ಒಂದೊಂದು ಕಣದ ಮೈಮೇಲೂ ಸಾವಿರಾರು ಗ್ರಾಹಕಗಳಿರುತ್ತವೆ. ನಿನ್ನ ಗಿರಣಿಗೆ ಬರುವ ಗ್ರಾಹಕರಲ್ಲ! ಇದನ್ನು ನಮ್ಮ ಗಿರಣಿಯ ಬಾಗಿಲಲ್ಲಿರುವ ಸ್ವಿಚ್ಚು ಅಂದುಕೋ. ಗಿರಣಿಯ ಸದ್ದಿಗೆ ನಿನ್ನ ಕಿವಿ ಹೋದ ಮೇಲೆ ನೀನೇ ಹಾಕಿಸಿದ್ದಲ್ಲವೇ ಅದು? ರಾಗಿ ತಂದವರು ಹೊರಗೆ ಸ್ವಿಚ್ಚು ಒತ್ತುತ್ತಾರೆ, ಒಳಗೆ ನಿನ್ನ ಕಣ್ಣೆದುರು ಕೆಂಪು ಬಲ್ಬು ಹೊತ್ತಿಕೊಳ್ಳುತ್ತದೆ, ನೀನು ಎದ್ದು ಮೋಟಾರು ಹಾಕುತ್ತೀಯ. ಹೊರಗಿನ ಸುದ್ದಿ ಒಳಗೆ ತಲುಪಿ ಕೆಲಸ ಶುರುವಾಗುತ್ತದೆ. ಕಣದ ಮೈಮೇಲಿನ ಗ್ರಾಹಕ ಮಾಡುವುದೂ ಇಷ್ಟೇ.

ನಾನು ಇಷ್ಟು ವರ್ಷ ಹಿಂದೆ ಬಿದ್ದದ್ದು ಅಂಥ ಒಂದೇ ಒಂದು ಸ್ವಿಚ್ಚಿನ. ಅದಕ್ಕೆ ನಾಲ್ಕು ಅಕ್ಷರ, ಎರಡು ಅಂಕಿಯ ಹೆಸರಿದೆ, ನಿನಗೆ ಬೇಡ. ಉಸಿರಿನಲ್ಲಿ ಧೂಳು ಹೋದಾಗ ಶ್ವಾಸಕೋಶದಲ್ಲಿ ಅದನ್ನು ಯಾರೋ ಒತ್ತುತ್ತಾರೆ. ಕಾವಲಿನ ಕಣಗಳೆಲ್ಲ ಅಲ್ಲಿಗೆ ನುಗ್ಗಿ, ಶತ್ರುವೇ ಇಲ್ಲದ ಕಡೆ ಯುದ್ಧ ಮಾಡುತ್ತವೆ. ಉಸಿರಿನ ಕೊಳವೆ ಊದಿಕೊಂಡು ಕಫ ಕಟ್ಟುತ್ತದೆ. ಅತ್ತೆಯ ಎದೆಯಲ್ಲಿ ಕೇಳಿಸುವ ಸಿಳ್ಳೆ ಅದೇ. ನಾನು ಹುಟ್ಟಿನಿಂದಲೇ ಆ ಸ್ವಿಚ್ಚು ಇಲ್ಲದ ಇಲಿಗಳನ್ನು ಬೆಳೆಸಿ ಅವಕ್ಕೆ ಧೂಳು ಕೊಟ್ಟೆ. ಊತ ಮುಕ್ಕಾಲು ಪಾಲು ಇಲ್ಲವೇ ಇಲ್ಲ! ನಮ್ಮ ಲ್ಯಾಬಿನ ಮೇಡಂ ಸ್ಲೈಡು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅವರಿಂದ ಅದೇ ದೊಡ್ಡ ಹೊಗಳಿಕೆ.

ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಖಾರದ ಪುಡಿ ಜರಡಿ ಹಿಡಿದವಳು ಅತ್ತೆ. ನನ್ನ ಮುಖಕ್ಕೆ ಒದ್ದೆ ಬಟ್ಟೆ ಕಟ್ಟುತ್ತಿದ್ದಳು, ತನ್ನ ಮುಖಕ್ಕೆ ಕಟ್ಟಿಕೊಳ್ಳುತ್ತಿರಲಿಲ್ಲ. ಸ್ಲೈಡು ನೋಡುವಾಗ ಅವಳೇ ನೆನಪಾದಳು. ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು ಅಪ್ಪಾ, ಸುಳ್ಳು ಯಾಕೆ ಹೇಳಲಿ.

ನಿನ್ನ ತನು

---

ಅಜ್ಜಂಪುರ
18-1-2024

ಚಿ. ತನುಗೆ ಅಪ್ಪನ ಆಶೀರ್ವಾದ.

ಗಿರಣಿ ಓಡುತ್ತಿದೆ, ನಾನೂ ಓಡುತ್ತಿದ್ದೇನೆ, ನಿನ್ನ ಅತ್ತೆ ಇಬ್ಬರನ್ನೂ ಓಡಿಸುತ್ತಿದ್ದಾಳೆ. ಇಲ್ಲಿಯ ಕ್ಷೇಮ ಇಷ್ಟು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಗಿರಣಿಯಲ್ಲಿ ನಿಂತುಕೊಂಡೇ. ಎರಡನೇ ಸಲ ಅಕ್ಕನಿಗೆ. ಮೂರನೇ ಸಲ ಎದುರಿನ ಪ್ರಕಾಶನ ಮೆಡಿಕಲ್ ಶಾಪಿನಲ್ಲಿ. ನಾನು ಗಟ್ಟಿಯಾಗಿ ಓದಿದರೆ ಅದು ಎಷ್ಟು ಗಟ್ಟಿ ಎಂದು ನಿನಗೆ ಗೊತ್ತಲ್ಲ, ತರೀಕೆರೆ ಬಸ್ಸಿಗೆ ನಿಂತಿದ್ದವರೆಲ್ಲ ಹತ್ತಿರ ಬಂದರು. ಬಸ್ಸು ಬಂದರೂ ಇಬ್ಬರು ಹತ್ತಲಿಲ್ಲ.

ಅಕ್ಕನಿಗೆ ಮೊದಲು ನಂಬಿಕೆ ಬರಲಿಲ್ಲ. "ಇಲಿಗೂ ಉಬ್ಬಸ ಬತ್ತದೇನೋ ಬಸಣ್ಣ? ನಾವು ಗಿರಣೀಲಿ ಇಲಿ ಕಂಡ್ರೆ ಕೋಲು ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗ್ತೀವಿ, ಇವ್ಳು ಅವನ್ನ ಕೂರಿಸ್ಕೊಂಡು ಉಪಚಾರ ಮಾಡ್ತಾವ್ಳಲ್ಲೋ!" ಎಂದು ನನ್ನ ಕಿವಿಯ ಹತ್ತಿರ ಕೂಗಿ ನಕ್ಕಳು. ಒದ್ದೆ ಬಟ್ಟೆಯ ಮಾತು ಬಂದಾಗ ನಗು ನಿಂತಿತು. ಸೆರಗು ಕಣ್ಣಿಗೆ ಹೋಯಿತು. "ಅಷ್ಟು ಚಿಕ್ಕೋಳು, ಅದನ್ನೆಲ್ಲ ನೆನಪಿಟ್ಕೊಂಡವ್ಳೆ ನೋಡು" ಎಂದಳು.

ಬಲ್ಬಿನ ಉದಾಹರಣೆ ಚೆನ್ನಾಗಿ ಕೊಟ್ಟಿದ್ದೀಯ. ನನ್ನಂಥ ಏಳನೇ ಕ್ಲಾಸಿನವನಿಗೆ ಅರ್ಥವಾಗುವಂತೆ ಹೇಳುವುದು ಎಲ್ಲರಿಗೂ ಬರುವುದಿಲ್ಲ. ನೀನು ಔಷಧಿ ಎಂಬ ಮಾತು ಬರೆದಿಲ್ಲ, ನಿಜ. ಆದರೆ ಸ್ವಿಚ್ಚು ತೆಗೆದರೆ ಉಬ್ಬಸ ಹೋಯಿತು ಎಂದ ಮೇಲೆ ಇನ್ನೇನು ಉಳಿಯಿತು? ಸ್ವಿಚ್ಚು ಬಿಚ್ಚುವುದಕ್ಕೆ ಒಂದು ಸ್ಕ್ರೂಡ್ರೈವರ್ ತಾನೇ? ಅದನ್ನೂ ನೀನೇ ಮಾಡುತ್ತೀಯ.

ನಾಳೆ ಕಡೂರಿಗೆ ಹೋಗುತ್ತಿದ್ದೇನೆ, ದುಶ್ಯಂತನ ಫ್ಲೆಕ್ಸ್ ಅಂಗಡಿಗೆ. ಹುಟ್ಟುಹಬ್ಬ ಮಾಡಿಕೊಂಡವರಿಗೆ ಫ್ಲೆಕ್ಸ್, ಕಾರು ತಂದವರಿಗೆ ಫ್ಲೆಕ್ಸ್, ಪಂಚಾಯ್ತಿ ಚುನಾವಣೆಯಲ್ಲಿ ಸೋತವನಿಗೂ ಫ್ಲೆಕ್ಸ್. ನನ್ನ ಮಗಳಿಗೆ ಬೇಡವೇ? ಏನು ಬರೆಸುತ್ತೇನೆ ಎಂದು ಮಾತ್ರ ಕೇಳಬೇಡ, ಬಂದಾಗ ನೋಡುವೆಯಂತೆ.

ನಿನ್ನ ಅಪ್ಪ
ಬಸವರಾಜಪ್ಪ

---

ಹೈದರಾಬಾದ್
1-2-2024

ಅಪ್ಪಾ, ಶರಣು.

ನಿನ್ನ ಕಾಗದ ಓದಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಫ್ಲೆಕ್ಸ್ ಬೇಡ ಎಂದರೆ ನೀನು ಎರಡು ಹಾಕಿಸುತ್ತೀಯ, ಅದಕ್ಕೇ ಬೇಡ ಎನ್ನುವುದಿಲ್ಲ. ಹೆಸರು, ಊರು ಇಷ್ಟೇ ಇರಲಿ. ಔಷಧಿ ಇನ್ನೂ ದೂರದ ಮಾತು.

ಮೇಡಂ ಅದೇ ಇಲಿಗಳ ಕರುಳನ್ನೂ ನೋಡು ಎಂದಿದ್ದರು. ಶ್ವಾಸಕೋಶದಲ್ಲಿರುವ ಸ್ವಿಚ್ಚು ಕರುಳಿನಲ್ಲೂ ಇದೆಯಂತೆ. ನೋಡುತ್ತಿದ್ದೇನೆ. ಮುಗಿದ ಮೇಲೆ ಬರೆಯುತ್ತೇನೆ.

ಐದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಪುಣೆಯಲ್ಲಿ ತರಬೇತಿ. ನೀನು ಬರೆದದ್ದು ಹಾಸ್ಟೆಲಿಗೇ ಬರಲಿ, ಹಿಂದಿರುಗಿ ಓದುತ್ತೇನೆ. ಕೆಲಸ ಬಹಳವಿದೆ, ಇಷ್ಟಕ್ಕೇ ನಿಲ್ಲಿಸುತ್ತೇನೆ.

ತನು

---

ಅಜ್ಜಂಪುರ
12-2-2024

ಚಿ. ತನುಗೆ ಆಶೀರ್ವಾದ.

ಗಿರಣಿ ಓಡುತ್ತಿದೆ, ನಾನೂ ಓಡುತ್ತಿದ್ದೇನೆ. ಅಕ್ಕನಂತೂ ಹುಡುಗಿಯ ಹಾಗೆ ಓಡಾಡುತ್ತಿದ್ದಾಳೆ, ಅದರ ಕಾರಣ ಕೊನೆಗೆ ಹೇಳುತ್ತೇನೆ.

ಫ್ಲೆಕ್ಸ್ ನಿಂತಿತು! ಬಸ್ ಸ್ಟ್ಯಾಂಡಿನ ಎದುರು, ಹತ್ತಡಿ ಅಗಲ. ಈಗ ಗುಟ್ಟು ಬೇಡ, ಬರೆಸಿದ್ದು ಇದು: "ಉಬ್ಬಸಕ್ಕೆ ಔಷಧಿ ಕಂಡುಹಿಡಿದ ಅಜ್ಜಂಪುರದ ಹೆಮ್ಮೆಯ ಪುತ್ರಿ ಕು. ತನುಜಾ ಬಸವರಾಜಪ್ಪ ಅವರಿಗೆ ಹಾರ್ದಿಕ ಅಭಿನಂದನೆಗಳು." ಕೆಳಗೆ ಶುಭ ಕೋರುವವರು ಎಂದು ಹದಿನಾಲ್ಕು ತಲೆ. ನಿನ್ನದು ಸೀರೆಯುಟ್ಟ ಫೋಟೋ. ದುಶ್ಯಂತ ಕಂಪ್ಯೂಟರಿನಲ್ಲಿ ನಿನ್ನ ಕೊರಳಿಗೆ ಸ್ಟೆತಸ್ಕೋಪ್ ಹಾಕಿದ. "ಅವ್ಳು ಆ ಥರ ಡಾಕ್ಟರಲ್ಲ ಕಣಪ್ಪ" ಎಂದೆ. "ಇರ್ಲಿ ಬಿಡಿ ಸಾರ್, ಜನಕ್ಕೆ ಗೊತ್ತಾಗ್ಬೇಕಲ್ಲ" ಎಂದು ಬರೆದು ತೋರಿಸಿದ. ನೀನು ದೂರದ ಮಾತು ಎಂದು ಬರೆದ ಕಾಗದ ಬರುವಷ್ಟರಲ್ಲಿ ಗೂಟ ನೆಟ್ಟಾಗಿತ್ತು. ದೂರದ್ದಾದರೂ ಬರುವುದು ನಿಜ ತಾನೇ ಎಂದು ಸುಮ್ಮನಾದೆ.

ಜನ ಬರುತ್ತಿದ್ದಾರೆ ಕಣೇ. ಚೌಳಹಿರಿಯೂರಿನಿಂದ ರಿಟೈರಾದ ವಿಶ್ವನಾಥ್ ಮೇಷ್ಟ್ರು ಬಂದಿದ್ದರು. ಹಿರೇನಲ್ಲೂರಿನ ಓಬಮ್ಮ ಎಂಬಾಕೆ ಎರಡು ಬಸ್ಸು ಬದಲಾಯಿಸಿ ಬಂದು ಬಾಗಿಲ ಸ್ವಿಚ್ಚು ಒತ್ತಿದಳು. ಬಲ್ಬು ನೋಡಿ ನಾನು ರಾಗಿ ಎಂದುಕೊಂಡರೆ, ಆಕೆ ಎದೆ ಮುಟ್ಟಿ ತೋರಿಸುತ್ತಾಳೆ. ಔಷಧಿ ಬಂದ ಕೂಡಲೇ ತಿಳಿಸಬೇಕೆಂದು ಕ್ಯಾಲೆಂಡರಿನ ಹಿಂದೆ ಹನ್ನೊಂದು ಹೆಸರು ಬರೆದುಕೊಂಡಿದ್ದೇನೆ.

ಈಗ ಅಕ್ಕನ ವಿಷಯ. ಉಬ್ಬಸಕ್ಕೆ ಬಾಯಲ್ಲಿ ಎಳೆಯುವ ಪಂಪು ಬಿಟ್ಟು ಇವತ್ತಿಗೆ ಹದಿನಾರು ದಿನ! ಬಟ್ಟೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟಿದ್ದಾಳೆ. "ಒಂಬತ್ತು ವರ್ಷದಿಂದ ಯಾರ್ಯಾರೋ ಮಾಡಿದ್ದು ಎಳೆದಾಯ್ತು. ಇನ್ಮೇಲೆ ಏನಿದ್ರೂ ನನ್ ತನು ಮಾಡಿದ್ದನ್ನೇ ಎಳೆಯೋದು" ಎಂಬುದು ಅವಳ ಹಟ. ನಾನೂ ಮೊದಲು ಹೆದರಿದೆ. ಆದರೆ ಏನೂ ಆಗಿಲ್ಲ, ಸಿಳ್ಳೆಯಿಲ್ಲ, ಕೆಮ್ಮಿಲ್ಲ. ನಿನಗೆ ಫೋನಿನಲ್ಲಿ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ಫೋನಿನಲ್ಲಿ ಹೇಳುತ್ತಿಲ್ಲ, ಕಾಗದದಲ್ಲಿ ಬರೆಯುತ್ತಿದ್ದೇನೆ, ಮಾತಿಗೆ ತಪ್ಪಿದ ಹಾಗಾಗಲಿಲ್ಲ. ಔಷಧಿ ಯಾವಾಗ ಕಳಿಸುತ್ತೀ?

ನಿನ್ನ ಅಪ್ಪ

---

ಪುಣೆ
19-2-2024

ಅಪ್ಪನಿಗೆ ಶರಣು.

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ನಿನ್ನಿಂದ ನಾನು ಒಂದು ವಿಷಯ ಮುಚ್ಚಿಟ್ಟೆ. ಫೆಬ್ರವರಿ ಒಂದಕ್ಕೆ ಕರುಳನ್ನು ನೋಡುತ್ತಿದ್ದೇನೆ ಎಂದು ಬರೆದಾಗಲೇ ನನಗೆ ಉತ್ತರ ಗೊತ್ತಿತ್ತು. ನಿನ್ನ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ.

ಆ ಇಲಿಗಳ ಕುಡಿಯುವ ನೀರಿಗೆ ಕರುಳು ಕೆರಳಿಸುವ ಪದಾರ್ಥ ಹಾಕಿದೆವು. ಸ್ವಿಚ್ಚು ಇರುವ ಇಲಿಗಳು ವಾರದಲ್ಲಿ ಚೇತರಿಸಿಕೊಂಡವು. ಸ್ವಿಚ್ಚು ಇಲ್ಲದವು, ಧೂಳಿನಲ್ಲಿ ಆರಾಮವಾಗಿ ಉಸಿರಾಡಿದ್ದ ಅವೇ ಇಲಿಗಳು, ಚೇತರಿಸಿಕೊಳ್ಳಲೇ ಇಲ್ಲ. ಕರುಳಿನ ತುಂಬ ಹುಣ್ಣು, ರಕ್ತ. ಎರಡು ಸತ್ತುಹೋದವು. ಪಂಜರ ಅದಲುಬದಲಾಯಿತೇನೋ ಎಂದು ಮತ್ತೆ ಮಾಡಿದೆ. ಮತ್ತೆ ಅದೇ.

ಗಿರಣಿಯ ಲೆಕ್ಕದಲ್ಲಿ ಹೇಳುತ್ತೇನೆ. ಮೇಲಿನ ಡಬ್ಬಿಯಲ್ಲಿ ಕಾಳು ಮುಗಿದದ್ದು ಕಂಡರೆ ಅತ್ತೆ ಹೊರಗಿನಿಂದ ಅದೇ ಸ್ವಿಚ್ಚನ್ನು ಎರಡು ಸಲ ಒತ್ತುತ್ತಾಳಲ್ಲ, ನಿಲ್ಲಿಸು ಎಂದು? ಶುರು ಮಾಡುವುದಕ್ಕೂ ಅದೇ ಬಲ್ಬು, ನಿಲ್ಲಿಸುವುದಕ್ಕೂ ಅದೇ ಬಲ್ಬು. ಬಲ್ಬನ್ನೇ ಕಿತ್ತು ಹಾಕಿದರೆ ನಿನಗೆ ಗೊತ್ತಾಗದೆ ಕಾಳಿಲ್ಲದ ಕಲ್ಲು ಕಲ್ಲಿಗೇ ಉಜ್ಜಿ ಕಿಡಿ ಹಾರುತ್ತದೆ. ಶ್ವಾಸಕೋಶದಲ್ಲಿ ಈ ಗ್ರಾಹಕ ಊತ ಎಬ್ಬಿಸುತ್ತದೆ, ಕರುಳಿನಲ್ಲಿ ಅದೇ ಗ್ರಾಹಕ ಊತ ಆರಿಸಿ ಗಾಯ ಮಾಯಿಸುತ್ತದೆ. ಅದನ್ನು ತಡೆಯುವ ಗುಳಿಗೆಯನ್ನು ಯಾರಾದರೂ ಮಾಡಿ ಕೊಟ್ಟರೆ ಎದೆಗೆ ಒಳ್ಳೆಯದಾಗಬಹುದು, ಹೊಟ್ಟೆ ಹಾಳಾಗಬಹುದು.

ಮೇಡಂ ಶ್ವಾಸಕೋಶದ ಭಾಗವನ್ನು ಈಗ ಪ್ರಕಟಿಸೋಣ, ಕರುಳಿನದು ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಅದು ಸುಳ್ಳಲ್ಲ, ಅರ್ಧ ಅಷ್ಟೇ. ಬೇಡ ಎನ್ನಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಸ್ವಂತ ಅಪ್ಪನಿಗೇ ಅರ್ಧ ಬರೆದವಳು ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ?

ಅತ್ತೆ ಬೆಳಿಗ್ಗೆ ಸಂಜೆ ಪಂಪು ತಪ್ಪಿಸದಂತೆ ನೋಡಿಕೋ. ಫೋನಿನಲ್ಲಿ ಕೇಳಿದಾಗಲೆಲ್ಲ "ಹೂಂ ಕಣೇ, ಎಳೀತಾ ಇದೀನಿ ಕಣೇ" ಎನ್ನುತ್ತಾಳೆ. ಅದೊಂದು ನೆಮ್ಮದಿ ನನಗೆ.

ತನು

---

28-2-2024

ತನುಗೆ,

ಗಿರಣಿ ನಾಲ್ಕು ದಿನದಿಂದ ನಿಂತಿದೆ. ಬೆಲ್ಟು ಹೋಗಿದೆ. ನಾನು ಚೆನ್ನಾಗಿದ್ದೇನೆ.

ಪುಣೆಯ ಕಾಗದ ಇವತ್ತು ಕೈಗೆ ಬಂತು. ಅರ್ಧ ಬರೆಯುವ ವಿದ್ಯೆ ನಿನಗೊಬ್ಬಳಿಗೇ ಬರುತ್ತದೆ ಎಂದುಕೊಳ್ಳಬೇಡ.

ಒಂದು ವಿಷಯ ತಿಳಿದು ಬರೆ. ಊರಿನ ಒಬ್ಬರಿಗೆ ಬೇಕಾಗಿತ್ತು. ತಿಂಗಳು ಪಂಪು ಬಿಟ್ಟವರು ಮತ್ತೆ ಶುರು ಮಾಡಿದರೆ ಅದು ಮೊದಲಿನ ಹಾಗೆಯೇ ಕೆಲಸ ಮಾಡುತ್ತದೆಯೇ? ಎದೆ ಮೊದಲಿನ ಹಾಗೆ ಆಗುತ್ತದೆಯೇ? ಇಲ್ಲಿ ಡಾಕ್ಟರು ಹೇಳುವುದು ನನಗೆ ಕೇಳಿಸುವುದಿಲ್ಲ.

ಅಪ್ಪ

---

ಹೈದರಾಬಾದ್
4-3-2024, ಸ್ಪೀಡ್ ಪೋಸ್ಟ್

ಅಪ್ಪಾ,

ನಿನ್ನ ಎರಡು ಕಾಗದವನ್ನೂ ಇವತ್ತು ಒಟ್ಟಿಗೆ ಓದಿದೆ. ಹನ್ನೆರಡನೇ ತಾರೀಖಿನದು ಇಷ್ಟು ದಿನ ಹಾಸ್ಟೆಲಿನ ಡಬ್ಬಿಯಲ್ಲಿ ಬಿದ್ದಿತ್ತು. ಎರಡನೆಯದರಲ್ಲಿ ಕ್ಷೇಮದ ಸಾಲಿನಲ್ಲಿ ಅತ್ತೆ ಇರಲಿಲ್ಲ. ನಾನು ಮನೆ ಬಿಟ್ಟು ಓದಲು ಬಂದಾಗಿನಿಂದ ಒಂದು ಕಾಗದದಲ್ಲೂ ನೀನು ಅವಳನ್ನು ಬಿಟ್ಟವನಲ್ಲ. ಕೂಡಲೇ ಪ್ರಕಾಶಣ್ಣನಿಗೆ ಫೋನ್ ಮಾಡಿದೆ. "ಐಸಿಯು ಇಂದ ಆಚೆ ಬಂದವ್ರೆ ಕಣಮ್ಮ, ಗಾಬರಿ ಆಗ್ಬೇಡ. ನಿಮ್ಮಪ್ಪ ಹೇಳ್ಬೇಡ ಅಂತ ಕೈ ಮುಗಿದ್ರು" ಎಂದ.

ನನಗೆ ತಡೆಯಲಾರದ ಕೋಪ ಬಂದಿದೆ. ಊರಿನ ಒಬ್ಬರಂತೆ! ಅವಳು ನನ್ನ ಹೆಸರು ಹೇಳಿಕೊಂಡು ಪಂಪು ಬಿಟ್ಟಳು. ಅವಳ ಎದೆಗೋಸ್ಕರ ನಾನು ಈ ವಿದ್ಯೆಗೆ ಬಂದೆ, ನನ್ನ ವಿದ್ಯೆಯ ಹೆಸರಿನಲ್ಲೇ ಅವಳು ಉಸಿರುಗಟ್ಟಿ ಮಲಗಿದಳು. ನೀನು ಹೆಚ್ಚಿಗೆ ಬರೆಸಿದೆ, ನಾನು ಕಡಿಮೆ ಬರೆದೆ. ನಡುವೆ ಸಿಕ್ಕಿಕೊಂಡವಳು ಅವಳು.

ಬೆಲ್ಟು ಹೋಗಿದೆ ಎಂದು ಬರೆಯುವಾಗ ನಿನಗೆ ಏನೂ ಅನ್ನಿಸಲಿಲ್ಲವೇ?

ಆ ಹನ್ನೊಂದು ಹೆಸರು ಎಲ್ಲಿದೆ? ಅವರಲ್ಲಿ ಯಾರ್ಯಾರು ಪಂಪು ಬಿಟ್ಟಿದ್ದಾರೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಕಾಗದ ತಲುಪಿದ ದಿನವೇ ಹುಡುಕಿಕೊಂಡು ಹೋಗು. ಆ ಫ್ಲೆಕ್ಸ್ ಇಳಿಸು.

ನಾಳೆಯ ರೈಲಿಗೆ ಹೊರಡುತ್ತೇನೆ. ಇದು ನನಗಿಂತ ಹಿಂದೆ ಬರಬಹುದು. ಆದರೂ ಬರೆದಿದ್ದೇನೆ, ನಿನ್ನ ಎದುರು ನಿಂತರೆ ನನಗೆ ಬರೆಯಲು ಆಗುವುದಿಲ್ಲ.

ತನುಜಾ

---

ಅಜ್ಜಂಪುರ
20-3-2024

ಚಿ. ತನುಗೆ ಅಪ್ಪನ ಆಶೀರ್ವಾದ.

ಗಿರಣಿ ಓಡುತ್ತಿದೆ, ನಾನೂ ಓಡುತ್ತಿದ್ದೇನೆ. ಅಕ್ಕ ಕೂತುಕೊಂಡೇ ಇಬ್ಬರನ್ನೂ ಓಡಿಸುತ್ತಿದ್ದಾಳೆ. ಇದು ಪೂರ್ತಿ ನಿಜ.

ನೀನು ಬಂದು ಮೂರು ದಿನ ಆಸ್ಪತ್ರೆಯಲ್ಲಿ ಅಕ್ಕನ ಕಾಲ ಬಳಿ ಕೂತು ಹೋದೆ. ನನ್ನ ಜೊತೆ ಮಾತಾಡಲು ಪೆನ್ನು, ಪುಸ್ತಕ ಬೇಕು. ಮೂರು ದಿನವೂ ಎರಡೂ ಕಿಟಕಿಯ ಮೇಲೇ ಇದ್ದವು, ನೀನು ಮುಟ್ಟಲಿಲ್ಲ. ಕಿವುಡನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ನನಗೆ ಅದು ಸಲ್ಲಬೇಕಾದದ್ದೇ.

ನಡೆದದ್ದನ್ನು ಈಗ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಶಿವರಾತ್ರಿ ಹತ್ತಿರ ಬಂತೆಂದರೆ ವರ್ಷದ ಖಾರದ ಪುಡಿಗೆ ಜನ ಬರುತ್ತಾರಲ್ಲ. ಒಂಬತ್ತು ವರ್ಷದಿಂದ ಅಕ್ಕನನ್ನು ಖಾರದ ಪುಡಿ ಮಾಡುವ ಕೋಣೆಗೆ ಬಿಟ್ಟಿರಲಿಲ್ಲ. ಫೆಬ್ರವರಿ ಇಪ್ಪತ್ತೈದರ ಭಾನುವಾರ, ಈಗ ಗುಣವಾಗಿದೆ ಎಂಬ ಧೈರ್ಯದ ಮೇಲೆ ಜರಡಿ ಹಿಡಿದುಕೊಂಡು ಒಳಗೆ ಹೋದಳು. ನಾನು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದೆ. ಅವಳು ಕರೆದಿರಬೇಕು, ನನಗೆ ಕೇಳಿಸಲಿಲ್ಲ. ಬಲ್ಬು ಹೊತ್ತಿಕೊಂಡಿತು. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ಕುಸಿದು ಕೂತು ಕೈ ಮೇಲೆತ್ತಿ ಸ್ವಿಚ್ಚು ಒತ್ತುತ್ತಿದ್ದಾಳೆ, ತುಟಿ ನೀಲಿಯಾಗಿದೆ. ಪ್ರಕಾಶ ತರೀಕೆರೆ ಆಸ್ಪತ್ರೆಗೆ ಕಾರು ಓಡಿಸಿದ. ಅಲ್ಲಿ ನರ್ಸಮ್ಮ ಒಂದು ಚೀಟಿಯಲ್ಲಿ "ಪಂಪು ಬಿಡಲು ಯಾರು ಹೇಳಿದರು?" ಎಂದು ಬರೆದು ಕೊಟ್ಟಳು. ನಾನು ಪೆನ್ನು ತೆಗೆದುಕೊಂಡು "ನಾನು" ಎಂದು ಬರೆದೆ. ಬಾಯಲ್ಲಿ ಹೇಳಿರಲಿಲ್ಲ, ಹತ್ತಡಿ ಅಗಲದ ಅಕ್ಷರದಲ್ಲಿ ಹೇಳಿದ್ದೆ.

ಫ್ಲೆಕ್ಸನ್ನು ನೀನು ಬರುವ ಮೊದಲೇ ನಾನೇ ಇಳಿಸಿದೆ. ನೀನು ವಾಪಸು ರೈಲು ಹತ್ತಿದ ಮಾರನೇ ದಿನ ಗಿರಣಿಗೆ ಬೀಗ ಹಾಕಿ, ಕ್ಯಾಲೆಂಡರನ್ನು ಚೀಲದಲ್ಲಿಟ್ಟುಕೊಂಡು ಮೊಪೆಡ್ಡಿನಲ್ಲಿ ಹೊರಟೆ. ಬಾಯಲ್ಲಿ ಹೇಳಿದರೆ ಅವರು ತಿರುಗಿ ಕೇಳಿದ್ದು ನನಗೆ ಕೇಳಿಸುವುದಿಲ್ಲ, ಅದಕ್ಕೆ ಎಲ್ಲವನ್ನೂ ಹನ್ನೊಂದು ಕಾಗದದಲ್ಲಿ ಬರೆದುಕೊಂಡಿದ್ದೆ. ಒಬ್ಬೊಬ್ಬರ ಕೈಗೆ ಕೊಟ್ಟು, ಅವರು ಓದಿ ಮುಗಿಸುವವರೆಗೆ ಎದುರೇ ನಿಂತೆ. ಅದು ಕಷ್ಟದ ಕೆಲಸ ಕಣೇ.

ಚೌಳಹಿರಿಯೂರಿನ ಮೇಷ್ಟ್ರು ಪಂಪನ್ನು ದಿನ ಬಿಟ್ಟು ದಿನ ಮಾಡಿಕೊಂಡಿದ್ದರು. ಓದಿ, ಒಳಗೆ ಹೋಗಿ, ನನ್ನ ಕಣ್ಣೆದುರೇ ಪಂಪು ಎಳೆದು, ಕಾಫಿ ಕುಡಿಸಿ ಕಳಿಸಿದರು. ಹಿರೇನಲ್ಲೂರಿನ ಓಬಮ್ಮ ಪೂರ್ತಿ ಬಿಟ್ಟಿದ್ದಳು. ಕೂತಲ್ಲಿಂದ ಏಳಲಾರದೆ ಏದುಸಿರು ಬಿಡುತ್ತಿದ್ದಳು. ಅಲ್ಲಿಂದಲೇ ಆಟೋ ಮಾಡಿಸಿ ಕಡೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇನ್ನೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಅವರು ಬರೆದು ತೋರಿಸಿದರು. ಈಗ ಚೆನ್ನಾಗಿದ್ದಾಳೆ, ಮೊನ್ನೆ ಹೋಗಿ ನೋಡಿಕೊಂಡು ಬಂದೆ.

ತರೀಕೆರೆಯಲ್ಲಿ ಒಬ್ಬ ಓದಿ ನಕ್ಕ. "ಏನಪ್ಪಾ, ಮಗಳ ಔಷಧಿ ಟುಸ್ ಆಯ್ತಾ?" ಎಂದ. ಕಿವಿ ಹೋದವನಿಗೆ ಚಿಕ್ಕ ಮಾತಾದರೆ ತುಟಿ ನೋಡಿಯೇ ತಿಳಿಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. "ನನ್ ಮಗಳು ಔಷಧಿ ಅಂತ ಯಾವತ್ತೂ ಅಂದಿಲ್ಲ ಕಣಯ್ಯ. ಅಂದೋನು ನಾನು. ಒಂದು ಕಡೆ ಒಳ್ಳೇದು ಮಾಡಿದ್ದು ಇನ್ನೊಂದು ಕಡೆ ಕೊಲ್ತದೆ ಅಂತ ಕಂಡ್ಹಿಡಿದವಳು ಅವ್ಳು. ನೀನೂ ನಾನೂ ಆಗಿದ್ರೆ ಒಂದೇ ಕಡೆ ನೋಡಿ ಎದ್ದು ಹೋಗ್ತಿದ್ವಿ" ಎಂದೆ. ನನ್ನ ದನಿ ಗೊತ್ತಲ್ಲ, ಅವನ ಬೀದಿಯೆಲ್ಲ ಹೊರಗೆ ಬಂತು. ಹೇಳುತ್ತಾ ಹೇಳುತ್ತಾ ನನಗೇ ಹೊಸದಾಗಿ ಅರ್ಥವಾಯಿತು. ಮೊದಲ ಕಾಗದ ಬಂದಾಗ ಬಂದದ್ದು ಹೆಮ್ಮೆಯಲ್ಲ ಕಣೇ, ಜಂಬ. ಹೆಮ್ಮೆ ಬಂದದ್ದು ಆ ಬೀದಿಯಲ್ಲಿ.

ಆಮೇಲೆ ದುಶ್ಯಂತನ ಅಂಗಡಿಗೆ ಹೋದೆ. ಈ ಸಲ ಬರೆಸಿದ್ದು ನಾನೇ, ಒಂದಕ್ಷರವೂ ಅವನದಲ್ಲ:

"ಹಿಂದೆ ಇಲ್ಲಿ ನಾನು ಹಾಕಿಸಿದ್ದು ತಪ್ಪು. ನನ್ನ ಮಗಳು ತನುಜಾ ಉಬ್ಬಸಕ್ಕೆ ಔಷಧಿ ಕಂಡುಹಿಡಿದಿಲ್ಲ. ಇಲಿಗಳಲ್ಲಿ ಶ್ವಾಸಕೋಶಕ್ಕೆ ಹಿತವಾದದ್ದು ಕರುಳಿಗೆ ಕೇಡು ಮಾಡುತ್ತದೆ ಎಂದು ಕಂಡುಹಿಡಿದಿದ್ದಾಳೆ. ಯಾರೂ ಪಂಪು ಬಿಡಬೇಡಿ. ಬಿಟ್ಟವರು ಇವತ್ತೇ ಡಾಕ್ಟರನ್ನು ನೋಡಿ. ತಪ್ಪು ಮಾಡಿದವನು: ಬಸವರಾಜಪ್ಪ, ಹಿಟ್ಟಿನ ಗಿರಣಿ, ಅಜ್ಜಂಪುರ."

ನಿನ್ನ ಫೋಟೋ ಇಲ್ಲ. ಶುಭ ಕೋರುವವರಾಗಲು ಹದಿನಾಲ್ಕು ಜನರಲ್ಲಿ ಒಬ್ಬರೂ ಬರಲಿಲ್ಲ. ಕೈ ಮುಗಿದ ನನ್ನದೊಂದೇ ತಲೆ. "ತಪ್ಪು ಅಂತ ಫ್ಲೆಕ್ಸ್ ಹಾಕ್ಸಿದೋರು ನೀವೇ ಮೊದಲು ಸಾರ್" ಎಂದು ದುಶ್ಯಂತ ಬರೆದು ತೋರಿಸಿದ. ಬಸ್ ಸ್ಟ್ಯಾಂಡಿನ ಅದೇ ಜಾಗದಲ್ಲಿ, ಅದೇ ಹತ್ತಡಿ ಅಗಲದಲ್ಲಿ ನಿಲ್ಲಿಸಿದ್ದೇನೆ.

ನಿನಗೆ ಇಷ್ಟ ಬಂದಾಗ ಪೆನ್ನು ಹಿಡಿ.

ಅಪ್ಪ

---

ಹೈದರಾಬಾದ್
1-4-2024

ಅಪ್ಪನಿಗೆ, ನಿನ್ನ ತನು ಮಾಡುವ ಸಾವಿರ ಶರಣು.

ಪೆನ್ನು ಹಿಡಿದಿದ್ದೇನೆ. ಆ ಮೂರು ದಿನ ಹಿಡಿಯದೆ ಹೋದದ್ದಕ್ಕೆ ಕ್ಷಮಿಸು. ಕಿಟಕಿಯ ಮೇಲಿನ ಪುಸ್ತಕವನ್ನು ನೀನು ದಿನವೂ ನನ್ನ ಕಡೆಗೆ ಸ್ವಲ್ಪ ಸ್ವಲ್ಪ ತಳ್ಳುತ್ತಿದ್ದದ್ದು ನನಗೆ ಕಂಡಿತ್ತು.

ನಿನ್ನ ಎರಡನೇ ಫ್ಲೆಕ್ಸಿನ ಫೋಟೋವನ್ನು ಪ್ರಕಾಶಣ್ಣ ಕಳಿಸಿದ್ದ. ಶುಕ್ರವಾರ ನಮ್ಮ ಲ್ಯಾಬಿನ ಸಭೆಯಲ್ಲಿ ನನ್ನ ಸರದಿ ಇತ್ತು. ಶ್ವಾಸಕೋಶದ ಚಿತ್ರ ತೋರಿಸಿದೆ, ಕರುಳಿನ ಚಿತ್ರ ತೋರಿಸಿದೆ, ಕೊನೆಗೆ ಅಜ್ಜಂಪುರ ಬಸ್ ಸ್ಟ್ಯಾಂಡಿನ ಚಿತ್ರ ತೋರಿಸಿದೆ! ಕನ್ನಡ ಬಾರದವರಿಗೆ ಸಾಲು ಸಾಲಾಗಿ ಅರ್ಥ ಹೇಳಿದೆ. "ಇವರು ನಮ್ಮಪ್ಪ. ಅರ್ಧ ಮಾತು ಒಬ್ಬರ ಉಸಿರು ನಿಲ್ಲಿಸಬಲ್ಲದು ಎಂದು ಗೊತ್ತಾದ ಮೇಲೆ ಹನ್ನೊಂದು ಮನೆಯ ಬಾಗಿಲಿಗೆ ಹೋಗಿ ಉಳಿದರ್ಧ ಹೇಳಿ ಬಂದರು. ನಾನು ಇದರಲ್ಲಿ ಅರ್ಧವನ್ನು ಮಾತ್ರ ಪ್ರಕಟಿಸಲಾರೆ" ಎಂದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಂದೆ ಎಷ್ಟು ಓದಿದ್ದಾರೆ?" ಎಂದು ಕೇಳಿದರು. ಏಳನೇ ಕ್ಲಾಸು ಎಂದೆ. "ಎರಡೂ ಒಟ್ಟಿಗೆ ಹೋಗಲಿ" ಎಂದರು.

ಇನ್ನೂ ಒಂದು ವರ್ಷದ ಕೆಲಸ ಇದೆ. ಇರಲಿ. ಶ್ವಾಸಕೋಶದಲ್ಲಿ ಅದನ್ನು ಒತ್ತುವವರು ಯಾರು, ಕರುಳಿನಲ್ಲಿ ಒತ್ತುವವರು ಯಾರು ಎಂದು ಹುಡುಕುತ್ತೇನೆ. ಅಲ್ಲಿಯವರೆಗೆ ನನ್ನ ಹೆಸರಿನಲ್ಲಿ ಯಾರೂ ಏನನ್ನೂ ಬಿಡಬಾರದು, ಏನನ್ನೂ ಹಿಡಿಯಬಾರದು.

ನೀನು ನನ್ನ ಬಗ್ಗೆ ಊರ ತುಂಬ ಹೇಳಿಕೊಂಡೆ. ನಾನು ನಿನ್ನ ಬಗ್ಗೆ ಇಲ್ಲಿ ಹೇಳಿಕೊಂಡೆ. ನನ್ನದು ಜಂಬವಲ್ಲ, ಅಪ್ಪಾ.

ಅತ್ತೆ ನಿಜವಾಗಿಯೂ ಪಂಪು ಎಳೆಯುತ್ತಿದ್ದಾಳೆಯೇ? ಅವಳ "ಹೂಂ ಕಣೇ" ನಾನು ನಂಬುವುದಿಲ್ಲ.

ನಿನ್ನ ತನು

---

ಅಜ್ಜಂಪುರ
12-4-2024

ಚಿ. ತನುಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಈ ಸಲ ಪ್ರಕಾಶನ ಅಂಗಡಿಯಲ್ಲಿ ಓದಲಿಲ್ಲ. ಗಿರಣಿಯ ಬಾಗಿಲು ಹಾಕಿಕೊಂಡು, ನಾನೊಬ್ಬನೇ, ಮೆಲ್ಲಗೆ ಓದಿದೆ. ಆಮೇಲೆ ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ.

ಫ್ಲೆಕ್ಸ್ ಯುಗಾದಿಯ ಬಿಸಿಲಿಗೆ ಬಣ್ಣ ಬಿಟ್ಟಿದೆ, ನನ್ನ ಮುಖ ಬಿಳಿಚಿಕೊಂಡಿದೆ. ಅಕ್ಷರ ಗಟ್ಟಿಯಾಗಿವೆ. ತೆಗೆಯುವುದಿಲ್ಲ.

ಅಕ್ಕನನ್ನು ನಾನೂ ನಂಬುವುದಿಲ್ಲ. ಅದಕ್ಕೆ ಅವಳೇ ಒಂದು ದಾರಿ ಮಾಡಿದ್ದಾಳೆ. "ನಾನು ಎಳೆದೆ ಅಂದ್ರೆ ನಿಂಗೆ ಕೇಳ್ಸಕಿಲ್ಲ, ಎಳೆದಿಲ್ಲ ಅಂದ್ರೂ ಕೇಳ್ಸಕಿಲ್ಲ. ನಿಂಗೆ ಕಾಣೋ ಹಂಗೆ ಹೇಳ್ತೀನಿ ಬಿಡು" ಎಂದು ಸನ್ನೆ ಮಾಡಿ, ಗಿರಣಿಯ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಳು. ಬೆಳಿಗ್ಗೆ ಎಂಟಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ ಪಂಪು ಎಳೆಯುತ್ತಾಳೆ, ಬಾಯಿ ಮುಕ್ಕಳಿಸುತ್ತಾಳೆ, ಸ್ವಿಚ್ಚು ಒತ್ತುತ್ತಾಳೆ. ನಾನು ಬಾಗಿಲಿಗೆ ಬಂದು ನೋಡುತ್ತೇನೆ. ಅವಳು ಪಂಪು ಎತ್ತಿ ತೋರಿಸಿ ನಗುತ್ತಾಳೆ. ನಾನು ಕ್ಯಾಲೆಂಡರಿನ ಹಿಂದೆ, ಆ ಹನ್ನೊಂದು ಹೆಸರಿನ ಕೆಳಗೆ, ಒಂದು ಗೆರೆ ಎಳೆಯುತ್ತೇನೆ. ಇವತ್ತಿಗೆ ಒಂದು ಗೆರೆಯೂ ತಪ್ಪಿಲ್ಲ.

ಇನ್ನೂ ಬರೆಯುವುದಿತ್ತು. ಆದರೆ ಆರು ಗಂಟೆಯಾಯಿತು, ಬಲ್ಬು ಹೊತ್ತಿಕೊಂಡಿದೆ. ನಿನ್ನ ಅತ್ತೆ ಕರೆಯುತ್ತಿದ್ದಾಳೆ, ಹೋಗುತ್ತೇನೆ.

ಅಪ್ಪ